ಬೆಳೆಯ ಚಿತ್ರಕ್ಕೆ ಅಗ್ಗದ ಕ್ಯಾಮೆರಾ: ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ?

ಎಲೆಯ ಮೇಲೆ ಚುಕ್ಕೆ ಕಾಣಿಸಿಕೊಂಡ ಕೂಡಲೇ ಔಷಧಿ ಅಂಗಡಿಗೆ ಓಡುವುದು ಸರಿಯಾದ ಕ್ರಮವಲ್ಲ. ಆ ಚುಕ್ಕೆ ಶಿಲೀಂಧ್ರದಿಂದ ಬಂದುದೇ, ಕೀಟದ ಬಾಧೆಯೇ ಇಲ್ಲವೇ ಪೋಷಕಾಂಶದ ಕೊರತೆಯೇ ಎಂಬುದನ್ನು ಮೊದಲು ಗುರುತಿಸಬೇಕು. ದ್ರಾಕ್ಷಿ ತೋಟವನ್ನೇ ತೆಗೆದುಕೊಳ್ಳಿ. ಬೂದಿ ರೋಗದಲ್ಲೂ ಬೂಜು ತುಪ್ಪಟ ರೋಗದಲ್ಲೂ ಎಲೆಯ ಮೇಲೆ ಬಿಳಿಯ ಬೆಳವಣಿಗೆ ಕಾಣುತ್ತದೆ. ಆದರೆ ಬೂದಿ ರೋಗಕ್ಕೆ ಹೊಡೆಯುವ ಗಂಧಕ ಬೂಜು ತುಪ್ಪಟ ರೋಗವನ್ನು ತಡೆಯುವುದಿಲ್ಲ. ಗುರುತು ತಪ್ಪಿದರೆ ಔಷಧಿಯ ಹಣ ಹೋಯಿತು, ಕೂಲಿ ಹೋಯಿತು, ಅದಕ್ಕಿಂತ ಮಿಗಿಲಾಗಿ ರೋಗವನ್ನು ತಡೆಯಬಹುದಾಗಿದ್ದ ನಾಲ್ಕು ದಿನಗಳೂ ಹೋದವು.

ರಾಜಾನುಕುಂಟೆ, ಹೆಸರಘಟ್ಟ, ಯಲಹಂಕದ ಸುತ್ತಿನ ರೈತರಿಗೆ ಹೆಬ್ಬಾಳವೂ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವೂ ದೂರವೇನಲ್ಲ. ಆದರೂ ಬೆಳಿಗ್ಗೆ ಕಿತ್ತ ಎಲೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಬಾಡಿ ಸುರುಟಿಕೊಳ್ಳುತ್ತದೆ, ಹುಳು ಡಬ್ಬಿಯಲ್ಲಿ ಸತ್ತು ಬಣ್ಣಗೆಡುತ್ತದೆ. ಹೊಲದಲ್ಲೇ ತೆಗೆದ ಒಂದು ಒಳ್ಳೆಯ ಛಾಯಾಚಿತ್ರ ಜೊತೆಗಿದ್ದರೆ ತಜ್ಞರ ಕೆಲಸ ಸುಲಭವಾಗುತ್ತದೆ. ಚಿತ್ರ ಮಸುಕಾಗಿದ್ದರೆ ಮಾತ್ರ ಉಪಯೋಗವಿಲ್ಲ. ಮಸುಕು ಚಿತ್ರವನ್ನು ನೋಡಿ ಹೇಳಿದ ಉತ್ತರ ಊಹೆಯೇ ಆಗಿರುತ್ತದೆ.

ಆದುದರಿಂದ ಅಗ್ಗದ ಡಿಜಿಟಲ್ ಕ್ಯಾಮೆರಾ ಒಂದನ್ನು ಕೊಳ್ಳುವಾಗ ಅಥವಾ ಮನೆಯಲ್ಲಿರುವ ಹಳೆಯದನ್ನು ಉಪಯೋಗಕ್ಕೆ ತರುವಾಗ ಅದರ ಯಾವ ಭಾಗವನ್ನು ಹೇಗೆ ಪರೀಕ್ಷಿಸಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿರುವ ಸಂಖ್ಯೆ ನಿಮಗೆ ಎಲ್ಲಕ್ಕಿಂತ ಕಡಿಮೆ ಮುಖ್ಯ. ಹತ್ತಿರದ ಸಣ್ಣ ವಸ್ತುವನ್ನು ಅದು ಎಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ ಎಂಬುದೇ ಎಲ್ಲಕ್ಕಿಂತ ಹೆಚ್ಚು ಮುಖ್ಯ. ಇದನ್ನು ಅಂಗಡಿಯಲ್ಲೇ ಹತ್ತು ನಿಮಿಷದಲ್ಲಿ ತಿಳಿದುಕೊಳ್ಳಬಹುದು.

ಕ್ಯಾಮೆರಾ ಬೇಕೇ, ಫೋನು ಸಾಲದೇ?

ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ. ನಿಮ್ಮ ಮೊಬೈಲ್ ಫೋನು ಒಂದು ಗೇಣಿಗಿಂತ ಹತ್ತಿರದಿಂದ ಎಲೆಯ ಚುಕ್ಕೆಯನ್ನು ಸ್ಪಷ್ಟವಾಗಿ ತೆಗೆಯುವುದಾದರೆ ಬೇರೆ ಕ್ಯಾಮೆರಾಕ್ಕೆ ಹಣ ಹಾಕುವ ಅಗತ್ಯವಿಲ್ಲ. ಮುಂದೆ ಹೇಳಿರುವ ಪರೀಕ್ಷೆಗಳನ್ನು ಫೋನಿಗೂ ಮಾಡಿ ನೋಡಬಹುದು.

ಇನ್ನೊಂದು ವಿಷಯವನ್ನೂ ಗಮನದಲ್ಲಿಡಬೇಕು. ರಾಜ್ಯದ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಚಿತ್ರದೊಡನೆ ಜಮೀನಿನ ಸ್ಥಳವೂ ದಾಖಲಾಗಬೇಕು. ಅಗ್ಗದ ಕ್ಯಾಮೆರಾಗಳಲ್ಲಿ ಸ್ಥಳ ಗುರುತಿಸುವ ಸಾಧನವಿರುವುದಿಲ್ಲ. ಆ ಕೆಲಸಕ್ಕೆ ಫೋನೇ ಆಗಬೇಕು. 2016ರ ಮುಂಗಾರಿನಿಂದ ಜಾರಿಗೆ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂಥ ಸ್ಥಳೀಯ ವಿಪತ್ತಿನಿಂದ ಬೆಳೆ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಆಗಲೂ ಫೋನಿನಿಂದಲೇ ಮೊದಲು ತಿಳಿಸಿ. ಕ್ಯಾಮೆರಾದ ಚಿತ್ರ ಹೆಚ್ಚಿನ ಆಧಾರವಾಗಿ ಮಾತ್ರ ನಿಮ್ಮಲ್ಲಿರಲಿ.

ಹಾಗಾದರೆ ಪ್ರತ್ಯೇಕ ಕ್ಯಾಮೆರಾ ಯಾರಿಗೆ ಉಪಯುಕ್ತ? ಸ್ವಸಹಾಯ ಸಂಘ, ಹಾಲು ಉತ್ಪಾದಕರ ಸಂಘ ಅಥವಾ ನಾಲ್ಕಾರು ಮನೆಯವರು ಸೇರಿ ಒಂದನ್ನು ಇಟ್ಟುಕೊಂಡು ಇಡೀ ಹಂಗಾಮಿನ ದಾಖಲೆ ಮಾಡುವವರಿಗೆ, ಫೋನಿನಲ್ಲಿ ಹತ್ತಿರದ ಚಿತ್ರ ಸರಿಯಾಗಿ ಬರದವರಿಗೆ, ತೆಂಗಿನ ಸುಳಿ ಅಥವಾ ಮಾವಿನ ಮರದ ತುದಿಯಂತಹ ದೂರದ ಭಾಗಗಳ ಚಿತ್ರ ಬೇಕಾದವರಿಗೆ ಇದು ಅನುಕೂಲ. ಮನೆಯ ಬೀರುವಿನಲ್ಲಿ ಹಳೆಯ ಕ್ಯಾಮೆರಾ ಇದ್ದರಂತೂ ಅದನ್ನು ಹೊರತೆಗೆದು ಪರೀಕ್ಷಿಸಿ ನೋಡುವುದು ಒಳ್ಳೆಯದು.

2010ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದವು. ಅನಂತರ ಫೋನುಗಳು ಆ ಸ್ಥಾನವನ್ನು ಹಿಡಿದುದರಿಂದ ಕಂಪನಿಗಳು ಅಗ್ಗದ ಮಾದರಿಗಳನ್ನು ಒಂದೊಂದಾಗಿ ನಿಲ್ಲಿಸಿದವು. ಇಂದು ಕೈಗೆ ಸಿಗುವುದು ಬಹುಮಟ್ಟಿಗೆ ಬಳಸಿದ ಕ್ಯಾಮೆರಾ. ಹಳೆಯ ಎತ್ತನ್ನು ಕೊಳ್ಳುವಾಗ ಹಲ್ಲು, ಗೊರಸು ನೋಡುವಂತೆಯೇ ಇದನ್ನೂ ಭಾಗಭಾಗವಾಗಿ ನೋಡಬೇಕು.

ಯಂತ್ರದ ಮುಖ್ಯ ಭಾಗಗಳು

ಮುಂದೆ ಗಾಜಿನ ಮಸೂರ, ಅಂದರೆ ಲೆನ್ಸ್. ಅದರ ಹಿಂದೆ ಬೆಳಕನ್ನು ಗ್ರಹಿಸುವ ಸಣ್ಣ ಫಲಕ, ಅಂದರೆ ಸೆನ್ಸರ್. ಫಲಕದ ಮೇಲೆ ಲಕ್ಷಾಂತರ ಬೆಳಕಿನ ಕೋಶಗಳು ಸಾಲಾಗಿವೆ. ಮಸೂರವು ಎಲೆಯ ಬಿಂಬವನ್ನು ಈ ಫಲಕದ ಮೇಲೆ ಬೀಳಿಸುತ್ತದೆ. ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕನ್ನು ಅಳೆಯುತ್ತದೆ. ಒಳಗಿನ ಗಣಕ ಆ ಅಳತೆಗಳನ್ನು ಚಿತ್ರವಾಗಿ ಜೋಡಿಸಿ ಮೆಮೊರಿ ಕಾರ್ಡಿನಲ್ಲಿ ಬರೆಯುತ್ತದೆ. ಹಿಂಬದಿಯ ಪರದೆ ಅದನ್ನು ನಿಮಗೆ ತೋರಿಸುತ್ತದೆ. ಇವೆಲ್ಲಕ್ಕೂ ಶಕ್ತಿ ಕೊಡುವುದು ಬ್ಯಾಟರಿ.

ಅಮೆರಿಕದ ಕೊಡಕ್ ಕಂಪನಿಯಲ್ಲಿ 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಇಂಥ ಕ್ಯಾಮೆರಾವನ್ನು ಮೊದಲು ನಿರ್ಮಿಸಿದಾಗ ಅದರ ಚಿತ್ರದಲ್ಲಿ 10,000 ಚುಕ್ಕೆಗಳು ಮಾತ್ರ ಇದ್ದವು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡು ಹಿಡಿಯುತ್ತಿತ್ತು. ಇಂದಿನ ಅತಿ ಅಗ್ಗದ ಕ್ಯಾಮೆರಾದಲ್ಲೂ ಒಂದು ಕೋಟಿಗಿಂತ ಹೆಚ್ಚು ಚುಕ್ಕೆಗಳಿರುತ್ತವೆ. ಹತ್ತು ಲಕ್ಷ ಚುಕ್ಕೆಗಳಿಗೆ ಒಂದು ಮೆಗಾಪಿಕ್ಸೆಲ್ ಎಂದು ಹೆಸರು.

ಮೆಗಾಪಿಕ್ಸೆಲ್ಲಿನ ಲೆಕ್ಕ

ಉದಾಹರಣೆಗೆ ನಿಕಾನ್ ಕಂಪನಿ 2016ರಲ್ಲಿ ಹೊರತಂದ ಕೂಲ್‌ಪಿಕ್ಸ್ ಎ 10 ಎಂಬ ಸಾಧಾರಣ ಮಾದರಿಯನ್ನು ನೋಡೋಣ. ಇದು 16 ಮೆಗಾಪಿಕ್ಸೆಲ್ಲಿನದು. 2014ರಲ್ಲಿ ಬಂದ ಸೋನಿ ಡಬ್ಲ್ಯು 830 ಮಾದರಿ 20 ಮೆಗಾಪಿಕ್ಸೆಲ್ಲಿನದು. ಎರಡನೆಯದು ಕಾಲು ಭಾಗದಷ್ಟು ಉತ್ತಮವೆಂದು ತೋರಬಹುದು. ಹಾಗಲ್ಲ. ಚುಕ್ಕೆಗಳು ಉದ್ದಕ್ಕೂ ಅಗಲಕ್ಕೂ ಹಂಚಿಹೋಗುತ್ತವೆ. ಮೊದಲನೆಯದರ ಅಡ್ಡಸಾಲಿನಲ್ಲಿ 4,608 ಚುಕ್ಕೆಗಳಿದ್ದರೆ ಎರಡನೆಯದರಲ್ಲಿ 5,152 ಇವೆ. ಒಂದು ಗೆರೆಯ ಉದ್ದಕ್ಕೆ ದೊರೆಯುವ ಹೆಚ್ಚಳ ನೂರಕ್ಕೆ 12 ಮಾತ್ರ.

ಇವೆರಡರಲ್ಲೂ ಬೆಳಕಿನ ಫಲಕದ ಅಳತೆ ಒಂದೇ: ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ, ಹೆಚ್ಚುಕಡಿಮೆ ಒಂದು ತೊಗರಿ ಕಾಳಿನಷ್ಟು. ಹಿಂದಿನ ಫಿಲ್ಮ್ ಕ್ಯಾಮೆರಾದ ಒಂದು ಚೌಕ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತಿತ್ತು. ಅದರ ವಿಸ್ತೀರ್ಣದ ಮೂವತ್ತರಲ್ಲಿ ಒಂದು ಭಾಗ ಮಾತ್ರ ಈ ಫಲಕದಲ್ಲಿದೆ. ಹೊಲ ಅಷ್ಟೇ ಇರುವಾಗ ಪೈರನ್ನು ಒತ್ತಾಗಿ ನಾಟಿದರೆ ಪ್ರತಿ ಪೈರಿಗೆ ಸಿಗುವ ಬಿಸಿಲು ಕಡಿಮೆಯಾಗುವಂತೆ, ಫಲಕ ಅಷ್ಟೇ ಇರುವಾಗ ಚುಕ್ಕೆಗಳ ಸಂಖ್ಯೆ ಹೆಚ್ಚಿಸಿದರೆ ಪ್ರತಿ ಕೋಶಕ್ಕೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ಮೋಡದ ದಿನ ಇಂಥ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳುಕಾಳು ಕಾಣುತ್ತದೆ.

ನಿಮಗೆ ಬೇಕಾದುದು ಎಷ್ಟು? ಅಂಚೆ ಕಾರ್ಡಿನ ಗಾತ್ರಕ್ಕೆ, ಅಂದರೆ 4 ಅಂಗುಲ ಅಗಲ 6 ಅಂಗುಲ ಉದ್ದಕ್ಕೆ ಒಳ್ಳೆಯ ಚಿತ್ರ ಮುದ್ರಿಸಲು ಎರಡು ಮೆಗಾಪಿಕ್ಸೆಲ್ ಸಾಕು. ಚಿತ್ರದ ಒಂದು ಮೂಲೆಯನ್ನು ದೊಡ್ಡದು ಮಾಡಿ ನೋಡುವ ಅನುಕೂಲಕ್ಕಾಗಿ ಎಂಟು ಹತ್ತು ಇದ್ದರೆ ಧಾರಾಳವಾಯಿತು. ಅದಕ್ಕಿಂತ ಹೆಚ್ಚಿನ ಸಂಖ್ಯೆಗಾಗಿ ಹೆಚ್ಚಿನ ಬೆಲೆ ಕೊಡಬೇಡಿ.

ಮಸೂರ: ಹತ್ತಿರ ಹೋಗಬಲ್ಲುದೇ?

ಮುಸುಕಿನ ಜೋಳದ ಫಾಲ್ ಸೈನಿಕ ಹುಳು 2018ರ ಮೇ ತಿಂಗಳಿನಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಶಿವಮೊಗ್ಗದ ಕಡೆಯಲ್ಲಿ ಕಾಣಿಸಿಕೊಂಡಿತು. ಅದೇ ಜುಲೈನಲ್ಲಿ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದ ವಿಜ್ಞಾನಿಗಳು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅದರ ತೀವ್ರ ಬಾಧೆಯನ್ನು ದಾಖಲಿಸಿದರು. ಹಿಂದಿನಿಂದ ಇದ್ದ ಸೈನಿಕ ಹುಳುವಿನಿಂದ ಇದನ್ನು ಬೇರ್ಪಡಿಸುವ ಗುರುತುಗಳು ಎರಡು. ತಲೆಯ ಮೇಲೆ ಕವಲೊಡೆದ ಕೋಲನ್ನು ತಲೆಕೆಳಗಾಗಿ ಹಿಡಿದಂತೆ ಒಂದು ತಿಳಿಬಣ್ಣದ ಗೆರೆ; ಬಾಲದ ಸಮೀಪದ ಖಂಡದ ಮೇಲೆ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳು. ಹುಳು ಪೂರ್ತಿ ಬೆಳೆದಾಗಲೂ ಉದ್ದ ಮೂರು ನಾಲ್ಕು ಸೆಂಟಿಮೀಟರ್. ಚುಕ್ಕೆಗಳು ಎಷ್ಟು ಸಣ್ಣವಿರಬಹುದೆಂದು ನೀವೇ ಊಹಿಸಿ. ಈ ನಾಲ್ಕು ಚುಕ್ಕೆ ಚಿತ್ರದಲ್ಲಿ ಕಾಣದಿದ್ದರೆ ಚಿತ್ರ ತೆಗೆದದ್ದು ವ್ಯರ್ಥ.

ಈಗ ಲೆಕ್ಕ ಮಾಡೋಣ. ಮೇಲೆ ಹೇಳಿದ 16 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಹುಳುವಿನಿಂದ 50 ಸೆಂ.ಮೀ. ದೂರದಲ್ಲಿ ಹಿಡಿದರೆ ಚಿತ್ರದ ಅಗಲದಲ್ಲಿ ಸುಮಾರು 67 ಸೆಂ.ಮೀ. ಜಾಗ ತುಂಬುತ್ತದೆ. ಆಗ ಒಂದು ಮಿಲಿಮೀಟರಿಗೆ 7 ಚುಕ್ಕೆಗಳು ದೊರೆಯುತ್ತವೆ. ಅದೇ ಕ್ಯಾಮೆರಾವನ್ನು 10 ಸೆಂ.ಮೀ. ಹತ್ತಿರಕ್ಕೆ ತಂದರೆ ಅಗಲ ಸುಮಾರು 13 ಸೆಂ.ಮೀ. ಆಗುತ್ತದೆ, ಒಂದು ಮಿಲಿಮೀಟರಿಗೆ 34 ಚುಕ್ಕೆಗಳು ದೊರೆಯುತ್ತವೆ. ಮೆಗಾಪಿಕ್ಸೆಲ್ ಹೆಚ್ಚಿಸಿ ಪಡೆದ ಲಾಭ ನೂರಕ್ಕೆ 12. ಹತ್ತಿರ ಹೋಗಿ ಪಡೆದ ಲಾಭ ಐದು ಪಟ್ಟು.

ಆದರೆ ಎಲ್ಲ ಮಸೂರಗಳೂ ಅಷ್ಟು ಹತ್ತಿರದ ವಸ್ತುವನ್ನು ಸ್ಪಷ್ಟಪಡಿಸಲಾರವು. ಕ್ಯಾಮೆರಾದ ವಿವರ ಪತ್ರಿಕೆಯಲ್ಲಿ ಮ್ಯಾಕ್ರೊ ಎಂಬ ಸಾಲನ್ನು ಹುಡುಕಿ. ಅಲ್ಲಿ 10 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಅಳತೆ ಇರಬೇಕು. ಕ್ಯಾಮೆರಾದ ಮೇಲೆ ಹೂವಿನ ಚಿತ್ರವಿರುವ ಗುಂಡಿಯೇ ಮ್ಯಾಕ್ರೊ ಗುಂಡಿ. ಅದನ್ನು ಒತ್ತದೆ ಹತ್ತಿರದ ಚಿತ್ರ ತೆಗೆದರೆ ಹಿಂದಿನ ಮಣ್ಣು ಸ್ಪಷ್ಟವಾಗಿ, ಮುಂದಿನ ಎಲೆ ಮಸುಕಾಗಿ ಬರುವುದುಂಟು.

ಜೂಮ್ ಮಾಡಿದರೆ ಹತ್ತಿರ ಹೋದಂತೆಯೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಹತ್ತಿರದ ವಸ್ತುವಿಗೆ ಇದು ಅನ್ವಯಿಸುವುದಿಲ್ಲ. ಇದಕ್ಕೆ ಮೂರು ಕಾರಣಗಳಿವೆ.

1. ಪೂರ್ತಿ ಜೂಮ್ ಮಾಡಿದಾಗ ಇಂಥ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸು ದೂರ ಬೇಕಾಗುತ್ತದೆ. ಆ ದೂರದಿಂದ ಐದು ಪಟ್ಟು ಜೂಮ್ ಮಾಡಿದರೂ ಚಿತ್ರದ ಅಗಲದಲ್ಲಿ ಸುಮಾರು 27 ಸೆಂ.ಮೀ. ಜಾಗ ತುಂಬುತ್ತದೆ. ಜೂಮ್ ಇಲ್ಲದೆ 10 ಸೆಂ.ಮೀ. ಹತ್ತಿರ ಹೋದರೆ 13 ಸೆಂ.ಮೀ. ಮಾತ್ರ.

2. ಜೂಮ್ ಮಾಡಿದಂತೆ ಮಸೂರದೊಳಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಮಸೂರದ ಅಂಚಿನಲ್ಲಿ ಎಫ್ 3.2 ರಿಂದ 6.5 ಎಂಬಂಥ ಸಂಖ್ಯೆಗಳಿರುತ್ತವೆ. ಮೊದಲನೆಯದು ಜೂಮ್ ಇಲ್ಲದಾಗಿನದು, ಎರಡನೆಯದು ಪೂರ್ತಿ ಜೂಮಿನದು. ಸಂಖ್ಯೆ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯಿತೆಂದು ಅರ್ಥ.

3. ಸಣ್ಣ ಕಿಂಡಿಯ ಮೂಲಕ ಹಾಯುವ ಬೆಳಕು ಹರಡುವುದು ಪ್ರಕೃತಿಯ ನಿಯಮ. ಎಫ್ 3.2 ರಲ್ಲಿ ಒಂದು ಬೆಳಕಿನ ಬಿಂದು ಫಲಕದ ಮೇಲೆ ಸುಮಾರು ಮೂರು ಕೋಶಗಳ ಅಗಲಕ್ಕೆ ಹರಡುತ್ತದೆ, ಎಫ್ 6.5 ರಲ್ಲಿ ಆರೇಳು ಕೋಶಗಳ ಅಗಲಕ್ಕೆ. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಈ ಮಸುಕು ಹೋಗುವುದಿಲ್ಲ.

ಆದುದರಿಂದ ಎಲೆ, ಹುಳು, ಮೊಟ್ಟೆಗಳಿಗೆ ಜೂಮ್ ಬೇಡ. ಕೈ ಮುಂದೆ ಹೋಗಲಿ. ಮರದ ತುದಿಗೆ, ಹತ್ತಿರ ಸೇರಿಸದ ದನಕ್ಕೆ ಮಾತ್ರ ಜೂಮ್ ಇರಲಿ. ಅಲ್ಲಿಯೂ ಆಪ್ಟಿಕಲ್ ಎಂದು ಬರೆದಿರುವ ಜೂಮ್ ಒಂದೇ ನಿಜವಾದದ್ದು. ಡಿಜಿಟಲ್ ಜೂಮ್ ಎಂಬುದು ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡಿ ತೋರಿಸುವುದಷ್ಟೇ. ಅದನ್ನು ಆರಿಸಿಡಿ.

ಬೆಳಕು, ಅಲುಗಾಟ ಮತ್ತು ಬಣ್ಣ

ಬೆಳಕು ಕಡಿಮೆಯಾದಾಗ ಕ್ಯಾಮೆರಾ ತನ್ನ ಕಿಂಡಿಯನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಅಷ್ಟರಲ್ಲಿ ಕೈ ಅಲುಗಿದರೆ ಅಥವಾ ಗಾಳಿಗೆ ಎಲೆ ಆಡಿದರೆ ಚಿತ್ರ ಕಲಸಿಹೋಗುತ್ತದೆ. ಜೂಮ್ ಇಲ್ಲದಾಗ ಸೆಕೆಂಡಿನ 30ನೆಯ ಒಂದು ಭಾಗದವರೆಗೆ ಕೈಯಲ್ಲಿ ಹಿಡಿದು ತೆಗೆಯಬಹುದು. ಐದು ಪಟ್ಟು ಜೂಮ್ ಮಾಡಿದಾಗ 125ನೆಯ ಒಂದು ಭಾಗವಾದರೂ ಬೇಕು. ಕೆಲವು ಕ್ಯಾಮೆರಾಗಳಲ್ಲಿ ಕೈಯ ನಡುಕಕ್ಕೆ ಎದುರಾಗಿ ಮಸೂರದ ಒಂದು ತುಂಡು ತಾನೇ ಸರಿದು ಬಿಂಬವನ್ನು ನಿಲ್ಲಿಸುವ ವ್ಯವಸ್ಥೆ ಇರುತ್ತದೆ. ಇದು ಬಹಳ ಉಪಯುಕ್ತ. ಆದರೆ ಇದು ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಎಲೆಯ ಆಟವನ್ನಲ್ಲ. ಎಲೆಯನ್ನು ಇನ್ನೊಂದು ಕೈಯಿಂದ ತೊಟ್ಟಿನ ಬಳಿ ಹಿಡಿದುಕೊಳ್ಳಬೇಕು.

ಹತ್ತಿರದ ಚಿತ್ರಕ್ಕೆ ಫ್ಲಾಷ್ ಬಳಸಬೇಡಿ. ಒಂದು ಗೇಣು ದೂರದಲ್ಲಿ ಅದರ ಬೆಳಕು ಎಲೆಯನ್ನು ಬೆಳ್ಳಗೆ ತೊಳೆದುಬಿಡುತ್ತದೆ. ಬೂದಿ ರೋಗವಿಲ್ಲದ ಎಲೆಯೂ ಬೂದಿ ಬಡಿದಂತೆ ಕಾಣಬಹುದು. ಬೆಳಿಗ್ಗೆ ಎಂಟರಿಂದ ಹತ್ತರವರೆಗಿನ ಬೆಳಕು ಅಥವಾ ಬಿಸಿಲಿಗೆ ಅಡ್ಡವಾಗಿ ನಿಂತು ಮಾಡಿದ ನೆರಳು ಅತ್ಯುತ್ತಮ.

ಪೋಷಕಾಂಶದ ಕೊರತೆಯನ್ನು ಗುರುತಿಸಲು ಬಣ್ಣ ಮುಖ್ಯ. ಸಾರಜನಕದ ಕೊರತೆಯಲ್ಲಿ ಕೆಳಗಿನ ಹಳೆಯ ಎಲೆಗಳು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಲ್ಲಿ ತುದಿಯ ಎಳೆಯ ಎಲೆಗಳ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಮನೆಯ ಹಳದಿ ದೀಪದಡಿ ತೆಗೆದ ಚಿತ್ರದಲ್ಲಿ ಎಲ್ಲ ಎಲೆಗಳೂ ಹಳದಿಯೇ. ಚಿತ್ರದ ಒಂದು ಮೂಲೆಯಲ್ಲಿ ಬಿಳಿಯ ಕಾಗದದ ತುಂಡು ಬರುವಂತೆ ನೋಡಿಕೊಂಡರೆ, ಕಾಗದ ಬಿಳಿಯಾಗಿ ಕಂಡಿದೆಯೇ ಎಂಬುದರಿಂದ ಎಲೆಯ ಬಣ್ಣವನ್ನು ನಂಬಬಹುದೇ ಎಂದು ತಜ್ಞರು ತಿಳಿಯುತ್ತಾರೆ. ಯಶವಂತಪುರದ ಮಂಡಿಯೊಳಗೆ ಮೂಟೆ ಬಿಚ್ಚಿ ಮಾಲಿನ ಚಿತ್ರ ತೆಗೆಯುವಾಗಲೂ ಇದೇ ಉಪಾಯ ನೆರವಾಗುತ್ತದೆ.

ಪರದೆಯನ್ನು ಪೂರ್ತಿ ನಂಬಬೇಡಿ

ಕ್ಯಾಮೆರಾ ಕೊಳ್ಳುವವರು ಸಾಮಾನ್ಯವಾಗಿ ಒಂದು ಚಿತ್ರ ತೆಗೆದು, ಹಿಂಬದಿಯ ಪರದೆಯಲ್ಲಿ ನೋಡಿ, ಚೆನ್ನಾಗಿದೆ ಎಂದು ಹಣ ಕೊಡುತ್ತಾರೆ. ಮೇಲೆ ಹೇಳಿದ ಎರಡೂ ಮಾದರಿಗಳ ಪರದೆ 2.7 ಅಂಗುಲದ್ದು, ಅದರಲ್ಲಿ 2,30,000 ಬಣ್ಣದ ಬಿಂದುಗಳಿವೆ. ಮೂರು ಬಣ್ಣದ ಮೂರು ಬಿಂದು ಸೇರಿ ಚಿತ್ರದ ಒಂದು ಚುಕ್ಕೆ. ಅಂದರೆ ಅದು ತೋರಿಸಬಲ್ಲುದು ಸುಮಾರು 77,000 ಚುಕ್ಕೆಗಳನ್ನು ಮಾತ್ರ. ಚಿತ್ರದಲ್ಲಿರುವುದು ಒಂದು ಕೋಟಿ ಅರವತ್ತು ಲಕ್ಷ. ಇನ್ನೂರು ಚುಕ್ಕೆಗಳನ್ನು ಒಂದರಲ್ಲಿ ಅಡಗಿಸಿ ತೋರಿಸುವ ಪರದೆಯಲ್ಲಿ ಮಸುಕು ಚಿತ್ರವೂ ಸ್ಪಷ್ಟವಾಗಿಯೇ ಕಾಣುತ್ತದೆ.

ಆದುದರಿಂದ ಚಿತ್ರ ತೆಗೆದ ಮೇಲೆ ಜೂಮ್ ಸನ್ನೆಯನ್ನು ಒತ್ತಿ ಪರದೆಯ ಮೇಲೆ ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಎಲೆಯ ಸಣ್ಣ ನರಗಳು, ರೋಮಗಳು ಬಿಡಿಬಿಡಿಯಾಗಿ ಕಂಡರೆ ಸರಿ. ಹೊಲದಲ್ಲಿ ಪ್ರತಿ ಸಲವೂ ಹೀಗೆಯೇ ಮಾಡುವ ಅಭ್ಯಾಸ ಇಟ್ಟುಕೊಂಡರೆ ಮನೆಗೆ ಬಂದ ಮೇಲೆ ಪರಿತಪಿಸಬೇಕಾಗುವುದಿಲ್ಲ.

ಬ್ಯಾಟರಿ ಮತ್ತು ಮೆಮೊರಿ ಕಾರ್ಡು

ಹಳೆಯ ಕ್ಯಾಮೆರಾಗಳು ಹೆಚ್ಚಾಗಿ ಕೆಲಸಕ್ಕೆ ಬಾರದಂತಾಗುವುದು ಈ ಎರಡರಿಂದ. ಎ 10 ಮಾದರಿಗೆ ಗೋಡೆ ಗಡಿಯಾರಕ್ಕೆ ಹಾಕುವ ಅಳತೆಯ ಎರಡು ಸೆಲ್ಲುಗಳು ಸಾಕು. ಹಳ್ಳಿಯ ಅಂಗಡಿಯಲ್ಲೂ ದೊರೆಯುತ್ತವೆ. ಆದರೆ ಗಡಿಯಾರದ ಅಗ್ಗದ ಸೆಲ್ಲು ಕ್ಯಾಮೆರಾದ ಭಾರವನ್ನು ತಾಳುವುದಿಲ್ಲ; ಆಲ್ಕಲೈನ್ ಸೆಲ್ಲು ಅಥವಾ ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಬೇಕು. ಡಬ್ಲ್ಯು 830ರಂಥ ಮಾದರಿಗಳಲ್ಲಿ ಅದಕ್ಕೇ ಮೀಸಲಾದ ಲಿಥಿಯಂ ಬ್ಯಾಟರಿ ಇರುತ್ತದೆ. ಹಗುರ, ಹೆಚ್ಚು ಹೊತ್ತು ಬಾಳುತ್ತದೆ. ಆದರೆ ವರ್ಷಗಳು ಕಳೆದಂತೆ ಬಲಗುಂದುತ್ತದೆ. ಅದು ಉಬ್ಬಿದ್ದರೆ ಮುಟ್ಟಲೇಬೇಡಿ. ಬದಲಿ ಬ್ಯಾಟರಿ ಮತ್ತು ಚಾರ್ಜರ್ ದೊರೆಯುವುದೇ ಎಂದು ವಿಚಾರಿಸಿದ ಮೇಲೆಯೇ ಬೆಲೆ ಮಾತನಾಡಿ. ಸೆಲ್ಲಿನ ಗೂಡಿನಲ್ಲಿ ಹಸಿರು ಅಥವಾ ಬಿಳಿಯ ಪುಡಿ ಕಂಡರೆ ಹಿಂದೆ ಸೆಲ್ಲು ಸೋರಿದೆ ಎಂದು ತಿಳಿಯಿರಿ.

ಕಾರ್ಡಿನ ವಿಷಯದಲ್ಲಿ ಎಸ್‌ಡಿ ಜಾತಿಯದು ಇರುವ ಕ್ಯಾಮೆರಾವನ್ನೇ ಆರಿಸಿ. 2006ಕ್ಕೆ ಮುಂಚಿನ ಹಲವು ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದಿಲ್ಲ. ಎಕ್ಸ್‌ಡಿ ಕಾರ್ಡು ಬೇಡುವ ಹಳೆಯ ಮಾದರಿಗಳಿಗೆ ಈಗ ಕಾರ್ಡು ಸಿಗುವುದೇ ಕಷ್ಟ. ಒಂದು ಚಿತ್ರ ಸಾಮಾನ್ಯವಾಗಿ 4ರಿಂದ 8 ಎಂಬಿ ಜಾಗ ಹಿಡಿಯುತ್ತದೆ. 16 ಜಿಬಿ ಕಾರ್ಡಿನಲ್ಲಿ ಒಂದು ಹಂಗಾಮಿನ ಎಲ್ಲ ಚಿತ್ರಗಳೂ ಹಿಡಿಸುತ್ತವೆ.

ಅಂಗಡಿಯಲ್ಲಿ ಹತ್ತು ನಿಮಿಷದ ಪರೀಕ್ಷೆ

ಯಲಹಂಕದಲ್ಲೇ ಕೊಳ್ಳಿ, ಆರ್.ಟಿ. ನಗರದಲ್ಲೇ ಕೊಳ್ಳಿ, ಪರಿಚಯದವರಿಂದಲೇ ಕೊಳ್ಳಿ, ಹೋಗುವಾಗ ನಾಲ್ಕು ವಸ್ತುಗಳು ಜೇಬಿನಲ್ಲಿರಲಿ: ಚುಕ್ಕೆ ಬಿದ್ದ ಒಂದು ಎಲೆ, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ, ಒಂದು ದಿನಪತ್ರಿಕೆ, ಒಂದು ಖಾಲಿ ಮೆಮೊರಿ ಕಾರ್ಡು. ಅನಂತರ ಈ ಕ್ರಮವನ್ನು ಅನುಸರಿಸಿ.

1. ಕ್ಯಾಮೆರಾವನ್ನು ಐದು ಬಾರಿ ಹಚ್ಚಿ ಆರಿಸಿ. ಮಸೂರದ ಕೊಳವೆ ಸದ್ದಿಲ್ಲದೆ, ತಡೆಯದೆ ಹೊರಬಂದು ಒಳಹೋಗಬೇಕು. ಕರಕರ ಎಂದರೆ ಒಳಗೆ ಮಣ್ಣು ಸೇರಿದೆ. ರಾಗಿ ಕಣದ ಧೂಳು ಇಂಥ ಕೊಳವೆಗೆ ದೊಡ್ಡ ಶತ್ರು.

2. ಮಸೂರವನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಜೇಡರ ಬಲೆಯಂಥ ನವಿರಾದ ಎಳೆಗಳು ಕಂಡರೆ ಅದು ಗಾಜಿನ ಮೇಲೆ ಬೆಳೆದ ಬೂಷ್ಟು. ಅಂಥದನ್ನು ಬಿಟ್ಟುಬಿಡಿ.

3. ಮ್ಯಾಕ್ರೊ ಗುಂಡಿ ಒತ್ತಿ, ಎಲೆಯ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು 10 ಸೆಂ.ಮೀ. ದೂರದಿಂದ ಐದು ಚಿತ್ರ ತೆಗೆಯಿರಿ. ಗುಂಡಿಯನ್ನು ಅರ್ಧ ಒತ್ತಿ, ಹಸಿರು ಚೌಕ ಬಂದ ಮೇಲೆ ಪೂರ್ತಿ ಒತ್ತಬೇಕು. ದೊಡ್ಡದು ಮಾಡಿ ನೋಡಿದಾಗ ಐದರಲ್ಲಿ ನಾಲ್ಕರಲ್ಲಾದರೂ ಮಿಲಿಮೀಟರ್ ಗೆರೆಗಳು ಬೇರೆಬೇರೆಯಾಗಿ ಕಾಣಬೇಕು.

4. ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ, ಚಿತ್ರದ ತುಂಬ ಅದು ಬರುವಂತೆ ನೇರವಾಗಿ ನಿಂತು ತೆಗೆಯಿರಿ. ನಾಲ್ಕು ಮೂಲೆಗಳ ಅಕ್ಷರಗಳನ್ನು ಹೋಲಿಸಿ. ಎಲ್ಲ ಮೂಲೆಗಳೂ ಸ್ವಲ್ಪ ಮಸುಕಾಗಿದ್ದರೆ ಚಿಂತೆಯಿಲ್ಲ. ಒಂದು ಮೂಲೆ ಮಾತ್ರ ಹೆಚ್ಚು ಮಸುಕಾಗಿದ್ದರೆ ಮಸೂರ ಓರೆಯಾಗಿದೆ, ಕ್ಯಾಮೆರಾ ಒಮ್ಮೆ ಕೆಳಗೆ ಬಿದ್ದಿರುವ ಸಂಭವವಿದೆ.

5. ಬಿಳಿಯ ಗೋಡೆಯ ಅಥವಾ ಆಕಾಶದ ಮೂರು ಚಿತ್ರ ತೆಗೆಯಿರಿ, ಒಂದು ಚಿತ್ರ ಪೂರ್ತಿ ಜೂಮಿನಲ್ಲಿರಲಿ. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಬೂದು ಕಲೆ ಕಂಡರೆ ಒಳಗಿನ ಫಲಕದ ಮೇಲೆ ಧೂಳು ಕೂತಿದೆ. ಇದನ್ನು ಅಲಕ್ಷಿಸಬಾರದು. ಈ ಕಲೆ ನಾಳೆ ನಿಮ್ಮ ರಾಗಿ ಗರಿಯ ಚಿತ್ರದ ಮೇಲೆ ಬೆಂಕಿ ರೋಗದ ಚುಕ್ಕೆಯಂತೆ ಕಾಣಬಹುದು.

6. ಮಸೂರವನ್ನು ಅಂಗೈಯಿಂದ ಮುಚ್ಚಿ, ಫ್ಲಾಷ್ ಆರಿಸಿ ಒಂದು ಚಿತ್ರ ತೆಗೆಯಿರಿ. ಕಪ್ಪು ಚಿತ್ರದಲ್ಲಿ ಹೊಳೆಯುವ ಬಿಂದುಗಳು ಒಂದೆರಡಿದ್ದರೆ ಪರವಾಗಿಲ್ಲ, ಹತ್ತಾರು ಇದ್ದರೆ ಬೇಡ.

7. ಫ್ಲಾಷ್ ಹಾಕಿ ಬೆನ್ನುಬೆನ್ನಿಗೆ ಇಪ್ಪತ್ತು ಚಿತ್ರ ತೆಗೆಯಿರಿ. ಅಷ್ಟರೊಳಗೆ ಬ್ಯಾಟರಿ ಕೆಂಪು ತೋರಿಸಿದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

8. ಕೊನೆಯಲ್ಲಿ ಕಾರ್ಡನ್ನು ತೆಗೆದು ಗಣಕದಲ್ಲಿ ಹಾಕಿ ಅದೇ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಇನ್ನೊಮ್ಮೆ ನೋಡಿ.

ಅಂಕ ಕೊಡುವ ಕ್ರಮ

ಎರಡು ಮೂರು ಕ್ಯಾಮೆರಾಗಳನ್ನು ಹೋಲಿಸುವಾಗ ನೂರು ಅಂಕಗಳನ್ನು ಹೀಗೆ ಹಂಚಿಕೊಳ್ಳಬಹುದು: ಹತ್ತಿರದ ಸ್ಪಷ್ಟತೆಗೆ 30, ಫೋಕಸ್ ಬೇಗನೆ, ತಪ್ಪದೆ ಹಿಡಿಯುವುದಕ್ಕೆ 20, ಮಸೂರ ಮತ್ತು ಫಲಕದ ಶುದ್ಧಿಗೆ 15, ಮಬ್ಬು ಬೆಳಕಿನಲ್ಲಿ ಬಣ್ಣ ಮತ್ತು ಸ್ಥಿರತೆಗೆ 15, ಬ್ಯಾಟರಿ ಹಾಗೂ ಕಾರ್ಡಿನ ಅನುಕೂಲಕ್ಕೆ 15, ಮೆಗಾಪಿಕ್ಸೆಲ್ಲಿಗೆ 5. ಮೊದಲನೆಯದರಲ್ಲಿ 20ಕ್ಕಿಂತ ಕಡಿಮೆ ಬಂದ ಕ್ಯಾಮೆರಾ ಉಳಿದುದರಲ್ಲಿ ಎಷ್ಟೇ ಅಂಕ ಪಡೆದರೂ ಬೆಳೆಯ ಕೆಲಸಕ್ಕೆ ಬಾರದು. ಮದುವೆಮನೆಗೆ ಆದೀತು.

ಚಿತ್ರ ತೆಗೆದು ಕಳಿಸುವ ವಿಧಾನ

ಒಳ್ಳೆಯ ಕ್ಯಾಮೆರಾ ಕೈಯಲ್ಲಿದ್ದರೂ ಒಂದೇ ಚಿತ್ರದಿಂದ ರೋಗ ತಿಳಿಯುವುದಿಲ್ಲ. ನಾಲ್ಕು ಚಿತ್ರಗಳು ಅಗತ್ಯ. ಮೊದಲನೆಯದು ಹೊಲದ ಒಟ್ಟು ನೋಟ. ಬಾಧೆ ಅಲ್ಲಲ್ಲಿ ಇದೆಯೇ, ಎಲ್ಲೆಡೆ ಇದೆಯೇ ಎಂದು ಇದರಿಂದ ತಿಳಿಯುತ್ತದೆ. ಎರಡನೆಯದು ಬುಡದಿಂದ ತುದಿಯವರೆಗೆ ಒಂದು ಗಿಡ. ಮೂರನೆಯದು ಎಲೆಯ ಮೇಲ್ಭಾಗ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬಿಳಿಯ ಕಾಗದ. ನಾಲ್ಕನೆಯದು ಅದೇ ಎಲೆಯ ಕೆಳಭಾಗ. ದ್ರಾಕ್ಷಿಯ ಬೂಜು ತುಪ್ಪಟ ರೋಗದಲ್ಲಿ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಅದರ ನೇರ ಕೆಳಗೆ ಹತ್ತಿಯಂಥ ಬಿಳಿಯ ಬೂಜು ಇರುತ್ತದೆ. ಕೆಳಭಾಗದ ಚಿತ್ರವಿಲ್ಲದಿದ್ದರೆ ಮುಖ್ಯ ಸಾಕ್ಷಿಯೇ ಇಲ್ಲದಂತಾಯಿತು.

ಕ್ಯಾಮೆರಾದ ಗಡಿಯಾರದಲ್ಲಿ ದಿನಾಂಕವನ್ನು ಸರಿಪಡಿಸಿ. ಬ್ಯಾಟರಿ ತೆಗೆದು ಕೆಲವು ದಿನ ಇಟ್ಟರೆ ಅದು ಅಳಿಸಿಹೋಗುತ್ತದೆ. ಚಿತ್ರಗಳನ್ನು ವಾಟ್ಸ್‌ಆ್ಯಪ್ ಮೂಲಕ ಕಳಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ. ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ನೀವು ಕಷ್ಟಪಟ್ಟು ಹಿಡಿದ ಸಣ್ಣ ಚುಕ್ಕೆಗಳು ದಾರಿಯಲ್ಲೇ ಉಳಿಯುತ್ತವೆ. ಚಿತ್ರದೊಡನೆ ತಳಿ, ಬಿತ್ತಿದ ದಿನ, ಕೊನೆಯ ಮಳೆ ಅಥವಾ ನೀರು ಕೊಟ್ಟ ದಿನ, ಈಗಾಗಲೇ ಹೊಡೆದಿರುವ ಔಷಧಿ ಇವನ್ನು ಬರೆದು ತಿಳಿಸಬೇಕು.

ಕೆಲಸ ಮುಗಿದ ಮೇಲೆ ಮಸೂರವನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಸೆಲ್ಲು ತೆಗೆದು, ಸಿಲಿಕಾ ಜೆಲ್ ಪೊಟ್ಟಣವಿಟ್ಟ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಔಷಧಿ, ಗೊಬ್ಬರ ಇಡುವ ಕೋಣೆಯಲ್ಲಿ ಇಡಬೇಡಿ.

ಅಗ್ಗದ ಕ್ಯಾಮೆರಾದಿಂದ ಅದ್ಭುತವನ್ನು ನಿರೀಕ್ಷಿಸಬೇಕಾಗಿಲ್ಲ. ಹುಳುವಿನ ಬೆನ್ನಿನ ನಾಲ್ಕು ಚುಕ್ಕೆಗಳನ್ನು, ಎಲೆಯ ಕೆಳಗಿನ ಬೂಜನ್ನು ಅದು ನಿಚ್ಚಳವಾಗಿ ತೋರಿಸಿದರೆ ಕೊಟ್ಟ ಹಣ ಸಾರ್ಥಕ. ಒಂದು ತಪ್ಪು ಸಿಂಪರಣೆಯನ್ನು ತಪ್ಪಿಸಿದರೂ ನಿಮಗೆ ಲಾಭವೇ.